ಹಂಡೆಗೆ ಬಿದ್ದ ಕೊಳಲು

ವರ್ತೂರು
12 ಫೆಬ್ರವರಿ 2010

ಚಿ. ಮಹಾದೇವಿಗೆ,

ಅಭ್ಯಾಸದ ಕೈ ನೋಡು, ಮೊದಲು ‘ಚಿ. ಸೌ.’ ಎಂದೇ ಬರೆದುಬಿಟ್ಟಿತು. ಆ ಹಾಳೆ ಹರಿದು ಹಾಕಿ ಇನ್ನೊಂದು ತೆಗೆದುಕೊಂಡಿದ್ದೇನೆ. ಇಲ್ಲಿ ನಾನು, ನಿನ್ನ ಮಾವ, ಪ್ರಿಯಾಂಕಾ ಮೂವರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಮನಸ್ಸು ಬರುವುದಿಲ್ಲ. ಇದ್ದೇವೆ, ಅಷ್ಟೆ.

ಫೋನಿದ್ದೂ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನಾನು ಎರಡನೆಯ ಮಾತಿಗೆ ಕೂಗಾಡುತ್ತೇನೆ, ನೀನು ಮೂರನೆಯ ಮಾತಿಗೆ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಅರ್ಧಕ್ಕೆ ಇಡಲು ಆಗುವುದಿಲ್ಲ, ಪೂರ್ತಿ ಓದಲೇಬೇಕು. ನಾನೂ ಎಸ್ಸೆಸ್ಸೆಲ್ಸಿ ಓದಿದವಳು, ಬಾಡಿಗೆದಾರರಿಗೆ ನೋಟೀಸು ಬರೆದು ಬರೆದು ಅಕ್ಷರವೂ ದುಂಡಗಿದೆ.

ಅಕ್ಟೋಬರಿನಿಂದ ಇಲ್ಲೇ ಇರುವ ಮಗುವನ್ನು ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಲಗ್ಗೆರೆಗೆ ವಾಪಸು ಕರೆದುಕೊಂಡು ಹೋಗುತ್ತೇನೆ ಎಂದು ಮಾವನ ಹತ್ತಿರ ಹೇಳಿದೆಯಂತೆ. ನನ್ನ ಹತ್ತಿರ ಹೇಳಲು ಬಾಯಿ ಬರಲಿಲ್ಲವೇ? ಅಲ್ಲಿ ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ನೀನು ಬೆಳಿಗ್ಗೆ ಪೀಣ್ಯಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಏಳು ವರ್ಷದ ಹುಡುಗಿ ಬೀಗ ಹಾಕಿದ ಬಾಗಿಲ ಮುಂದೆ ಬ್ಯಾಗು ಹಿಡಿದುಕೊಂಡು ಕೂರಬೇಕೇ? ಇಲ್ಲಿ ಅಂಗಳವಿದೆ, ಎರಡು ಹಸು ಇವೆ, ಹದಿನಾರು ಮನೆ ಬಾಡಿಗೆಯವರ ಮಕ್ಕಳಿದ್ದಾರೆ. ಕೆರೆಯ ವಾಸನೆ ಒಂದು ಬಿಟ್ಟರೆ ಅವಳಿಗೆ ಕೊರತೆ ಏನು?

ಇನ್ನೊಂದು ಮಾತು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಒಳಗೊಳಗೇ ಬೇಯುವುದಕ್ಕಿಂತ ಬರೆದೇ ಬಿಡುತ್ತೇನೆ. ನನ್ನ ಮಗ ಶಿವಶಂಕರನನ್ನು ಅಂಗಳದಲ್ಲಿ ಮಲಗಿಸಿದ್ದಾಗ ನೀನು ಅಳಲಿಲ್ಲ. ಹೆಂಗಸರೆಲ್ಲ ನಿನ್ನನ್ನೇ ನೋಡುತ್ತಿದ್ದರು. ನಮ್ಮ ಚಿಕ್ಕಮುನಿಯಮ್ಮ ನನ್ನ ಕಿವಿಯಲ್ಲಿ, “ಏನಕ್ಕಾ ನಿನ್ ಸೊಸೆ ಕಲ್ಲು ಕೂತಂಗೆ ಕೂತವ್ಳೆ, ಒಂದ್ ಅನಿ ಕಣ್ಣೀರೂ ಇಲ್ವಲ್ಲ” ಎಂದಳು. ಗಂಡನಿಗೆ ಅಳದವಳು ಮಗುವಿಗೆ ಜ್ವರ ಬಂದರೆ ಎದ್ದು ಕೂರುತ್ತಾಳೆ ಎಂದು ನಾನು ಹೇಗೆ ನಂಬಲಿ? ನಾನು ಮಗುವನ್ನು ಕಳಿಸುವುದಿಲ್ಲ.

ಈಗ ಏನೋ ಕೊಳಲು ಊದುವ ಕೆಲಸಕ್ಕೆ ಸೇರಿದ್ದೀಯಂತೆ. ಅವನು ಹೋಗಿ ನಾಲ್ಕು ತಿಂಗಳು. ಒಂದು ವರ್ಷವಾದರೂ ತಡೆಯಲಾಗಲಿಲ್ಲವೇ ನಿನಗೆ?

ಇಂತಿ,
ಸುಬ್ಬಲಕ್ಷ್ಮಮ್ಮ


ಲಗ್ಗೆರೆ
26 ಫೆಬ್ರವರಿ 2010

ಅತ್ತೆಯವರಿಗೆ ಮಹಾದೇವಿಯ ನಮಸ್ಕಾರಗಳು.

ಕಾಗದ ಬಂತು. ಪೂರ್ತಿ ಓದಿದೆ.

ಅಳು ಬರಲಿಲ್ಲ ಅತ್ತೆ. ಈಗಲೂ ಬಂದಿಲ್ಲ. ಬಂದರೆ ತಿಳಿಸುತ್ತೇನೆ.

ಕೆಲಸದ ಬಗ್ಗೆ ಕೇಳಿದ್ದೀರಿ. ಇದು ಸಂಗೀತ ಕಛೇರಿಯಲ್ಲಿ ಊದುವ ಕೊಳಲಲ್ಲ. ಮುನ್ನೂರು ವರ್ಷದ ಹಿಂದೆ ಯುರೋಪಿನ ಕಡೆ ಮರದ ಒಂದು ಕೊಳಲು ಇತ್ತಂತೆ, ಬರೋಕ್ ಫ್ಲೂಟ್ ಎನ್ನುತ್ತಾರೆ. ನಮ್ಮದರ ಹಾಗೆಯೇ ಅಡ್ಡ ಹಿಡಿದು ಊದುವುದು. ಆರು ತೂತು, ತುದಿಯಲ್ಲಿ ಕಿರುಬೆರಳಿಗೆ ಒಂದೇ ಒಂದು ಕೀ. ಅಂಥದ್ದನ್ನು ಮರದಲ್ಲಿ ಮಾಡಿಸಿದರೆ ತುಂಬಾ ದುಬಾರಿ, ಕಲಿಯುವ ಮಕ್ಕಳು ಕೊಳ್ಳಲಾರರು. ಅದಕ್ಕೇ ಅದರ ಪಡಿಯಚ್ಚನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿ ಹೊರದೇಶಕ್ಕೆ ಕಳಿಸುವ ಆರ್ಡರು ನಮ್ಮ ಸಾಹುಕಾರರಿಗೆ, ಅಂದರೆ ನಲ್ಲಪ್ಪನವರಿಗೆ ಸಿಕ್ಕಿದೆ. ಅದರ ಮೋಲ್ಡು, ಅಂದರೆ ಪ್ಲಾಸ್ಟಿಕ್ ತುಂಬುವ ಉಕ್ಕಿನ ಅಚ್ಚು, ಮಾಡಿದ್ದು ನಿಮ್ಮ ಮಗ. ಒಳಗಿನ ಕೊಳವೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಅದನ್ನು ಸರಿ ಮಾಡಲು ಮಳೆಗಾಲವೆಲ್ಲ ಹಿಡಿಯಿತು. ಊಟಕ್ಕೆ ಕೂತರೂ ಅದೇ ಮಾತು, ಸಾರಿಗೆ ಉಪ್ಪು ಹಾಕದಿದ್ದರೂ ಗೊತ್ತಾಗುತ್ತಿರಲಿಲ್ಲ. ಮೋಲ್ಡು ಒಪ್ಪಿಗೆಯಾಗಿ ಎರಡು ವಾರಕ್ಕೆ, ಟೀ ಕುಡಿದು ಬರ್ತೀನಿ ಎಂದು ಫ್ಯಾಕ್ಟರಿಯಿಂದ ಆಚೆ ಹೋದವರು ಅಲ್ಲೇ ಬೆಂಚಿನ ಮೇಲೆ ಎದೆ ಹಿಡಿದುಕೊಂಡು ಕೂತರು. ಮುಂದಿನದು ನಿಮಗೆ ಗೊತ್ತಿದೆ.

ಕೆಲಸ ಕೊಡುತ್ತೇನೆ ಎಂದು ನಲ್ಲಪ್ಪನವರೇ ಕರೆದರು. ಅಂಚಿನಲ್ಲಿ ಉಳಿದ ಪ್ಲಾಸ್ಟಿಕ್ ಚೂರು ಕೆರೆಯುವುದು, ನಾಲ್ಕು ಭಾಗ ಜೋಡಿಸುವುದು, ಒಂದೇ ಒಂದು ಸ್ವರ ಊದಿ ಶ್ರುತಿ ತೋರಿಸುವ ಮೀಟರಿನ ಮುಳ್ಳು ನಡುವೆ ನಿಲ್ಲುತ್ತದೆಯೇ ಎಂದು ನೋಡುವುದು, ಬಾಯಿ ತಾಕಿದ ಜಾಗವನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕುವುದು. ಊದು, ನೋಡು, ಒರೆಸು. ದಿನವೆಲ್ಲ ಇಷ್ಟೇ. ಇದನ್ನು ಸಂಗೀತ ಎಂದು ಯಾರಾದರೂ ನಿಮ್ಮ ಹತ್ತಿರ ಹೇಳಿದ್ದರೆ ಅವರನ್ನು ಒಂದು ದಿನ ನನ್ನ ಬೆಂಚಿನಲ್ಲಿ ಕೂರಿಸಬೇಕು. ಪಕ್ಕದಲ್ಲಿ ಕೂರುವ ಶರಣಮ್ಮ, “ಯಾಕವ್ವಾ, ಒಂದರೆ ಹಾಡು ಊದಬಾರ್ದೇನ?” ಎಂದು ಕೇಳುತ್ತಿರುತ್ತಾಳೆ. ನನಗೆ ಆ ಒಂದು ಸ್ವರ ಬಿಟ್ಟರೆ ಬೇರೆ ಬರುವುದಿಲ್ಲ.

ಶರಣಮ್ಮನ ಮನೆ ನಮ್ಮ ಓಣಿಯಲ್ಲೇ ಇದೆ. ಅವಳ ಅತ್ತೆ ಮನೆಯಲ್ಲಿರುತ್ತಾರೆ, ನಾನು ಬರುವ ತನಕ ಪ್ರಿಯಾಂಕಾಳನ್ನು ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಬೀಗದ ಮುಂದೆ ಕೂರಿಸುವುದಿಲ್ಲ. ಜೂನ್ ಮೊದಲ ಭಾನುವಾರ ಬರುತ್ತೇನೆ.

ಮಗುವಿಗೆ ಒಂದು ಕೊಳಲು ಕಳಿಸುತ್ತಿದ್ದೇನೆ. ಪಾರ್ಸಲ್ ಮುಟ್ಟಿದ ತಕ್ಷಣ ಅವಳ ಕೈಗೇ ಕೊಡಿ.

ಮಹಾದೇವಿ


ವರ್ತೂರು
18 ಮಾರ್ಚ್ 2010

ಚಿ. ಮಹಾದೇವಿಗೆ ಆಶೀರ್ವಾದಗಳು.

ಮೊನ್ನೆ ಯುಗಾದಿ. ನಮಗೆ ಈ ವರ್ಷ ಹಬ್ಬವಿಲ್ಲವಲ್ಲ. ಬಾಡಿಗೆಯವರು ಒಬ್ಬೊಬ್ಬರಾಗಿ ಒಬ್ಬಟ್ಟು ತಂದುಕೊಟ್ಟು, ಇಟ್ಟ ಹಾಗೇ ಸದ್ದಿಲ್ಲದೆ ಹೋದರು. ಡಬ್ಬದ ತುಂಬ ಒಬ್ಬಟ್ಟು, ತಿನ್ನುವವರಿಲ್ಲ. ಕೊನೆಗೆ ಹಸುಗಳಿಗೆ ಹಬ್ಬವಾಯಿತು.

ನಿನ್ನ ಪಾರ್ಸಲ್ ಹಬ್ಬದ ಹಿಂದಿನ ದಿನ ಬಂತು. ನೋಡಲು ಚೆಂದವೇ ಇತ್ತು, ಆನೆ ದಂತದ ಬಣ್ಣ, ನಡುನಡುವೆ ಉಂಗುರದ ಹಾಗೆ ಕೆತ್ತನೆ. ಪ್ಲಾಸ್ಟಿಕ್ ಎಂದು ಮುಟ್ಟಿದ ಮೇಲೆಯೇ ತಿಳಿದದ್ದು. ಪ್ರಿಯಾಂಕಾ ಆಗಲೇ ಬಾಯಿಗಿಡಲು ಹೋದಳು. ನಾನು ಬಿಡುತ್ತೇನೆಯೇ? ಊದಿ ಪರೀಕ್ಷೆ ಮಾಡುತ್ತೀರಿ ಎಂದು ನೀನೇ ಬರೆದಿದ್ದೀಯ. ಫ್ಯಾಕ್ಟರಿಯಲ್ಲಿ ಯಾರು ಯಾರು ಬಾಯಿಟ್ಟರೋ, ಯಾರಿಗೆ ಯಾವ ಕಾಯಿಲೆಯೋ. ಸ್ಪಿರಿಟ್ಟಿನಲ್ಲಿ ಒರೆಸಿದರೆ ಎಂಜಲು ಹೋಗುತ್ತದೆಯೇ? ನಮ್ಮ ಮನೆಯಲ್ಲಿ ನೆಂಟರು ಕುಡಿದಿಟ್ಟ ಲೋಟಕ್ಕೂ ಹುಣಸೆಹಣ್ಣು, ಬಿಸಿನೀರು ಎರಡೂ ಬೀಳಬೇಕು. “ಇರು ಪುಟ್ಟಾ, ತೊಳ್ದು ಕೊಡ್ತೀನಿ” ಎಂದು ಬಚ್ಚಲಿಗೆ ಒಯ್ದು, ಹಂಡೆಯಲ್ಲಿ ಕುದಿಯುತ್ತಿದ್ದ ನೀರಿಗೆ ಹಾಕಿ, ಮೇಲೆ ತೇಲಬಾರದೆಂದು ಚೊಂಬು ಹೇರಿಟ್ಟು, ಹಾಲು ಕರೆಯಲು ಹೋದೆ.

ಬಂದು ನೋಡುತ್ತೇನೆ, ಪಡವಲಕಾಯಿ ಸೊಟ್ಟಗೆ ಬೆಳೆಯುತ್ತದಲ್ಲ, ಹಾಗಾಗಿದೆ. ಬಾಯಿಡುವ ತೂತು ಕಣ್ಣು ಮುಚ್ಚಿದ ಹಾಗೆ ಮುಚ್ಚಿಕೊಂಡಿದೆ. ಪ್ರಿಯಾಂಕಾ ಅದನ್ನು ಹಿಡಿದುಕೊಂಡು ಅಂಗಳದಲ್ಲಿ ಬಿದ್ದು ಹೊರಳಾಡಿ ಅತ್ತಳು. “ಅಜ್ಜಿ, ನೀನು ಬೇಯ್ಸಿಬಿಟ್ಟೆ, ನೀನು ಬೇಯ್ಸಿಬಿಟ್ಟೆ” ಎಂದು ಬಾಡಿಗೆಯವರಿಗೆಲ್ಲ ಕೇಳುವಂತೆ ಸಾರಿದಳು.

ಬಿಸಿನೀರಿಗೆ ಹೆದರುವ ವಸ್ತುವನ್ನು ಎಂಥಾ ಫ್ಯಾಕ್ಟರಿಯಪ್ಪ ಮಾಡುವುದು ಎಂದು ನಾನೂ ಬೈದೆ, ಆದರೆ ಮಗುವಿನ ಮುಖ ನೋಡಲಾಗಲಿಲ್ಲ. ಅಲ್ಲಿ ರಾಶಿ ಬಿದ್ದಿರುತ್ತವಲ್ಲ, ಇನ್ನೊಂದು ಕಳಿಸು. ಜೂನ್ ಮಾತಿಗೆ ನನ್ನ ಉತ್ತರ ಹಿಂದಿನದೇ. ನಿನ್ನ ಶರಣಮ್ಮನ ಅತ್ತೆ ಯಾರೋ ಎಂತೋ, ಹೆತ್ತ ಮಗನ ಮಗಳನ್ನು ಅವರ ಜಗಲಿಗೆ ಬಿಡಲು ನಾನೇನು ಸತ್ತು ಹೋಗಿಲ್ಲ.

ಇಂತಿ,
ಸುಬ್ಬಲಕ್ಷ್ಮಮ್ಮ


ಲಗ್ಗೆರೆ
29 ಮಾರ್ಚ್ 2010

ಅತ್ತೆಯವರಿಗೆ ನಮಸ್ಕಾರ.

ಇನ್ನೊಂದು ಕೊಳಲು ಇದರ ಜೊತೆಗೆ ಕಳಿಸಿದ್ದೇನೆ. ಇದಕ್ಕೆ ನಾನೊಬ್ಬಳೇ ಬಾಯಿಟ್ಟಿರುವುದು. ಒರೆಸಿದ್ದೇನೆ. ತೊಳೆಯಲೇಬೇಕಿದ್ದರೆ ತಣ್ಣೀರಿನಲ್ಲಿ ತೊಳೆಯಿರಿ.

ಮೊದಲು ಕಳಿಸಿದ್ದು ರಾಶಿಯದಲ್ಲ. ಮೋಲ್ಡಿನಿಂದ ಮೊಟ್ಟಮೊದಲು ಬಂದ ಪೀಸು. ಫಸ್ಟ್ ಶಾಟ್ ಎನ್ನುತ್ತಾರೆ, ಮಾರುವುದಿಲ್ಲ, ಮೋಲ್ಡು ಮಾಡಿದವರು ಇಟ್ಟುಕೊಳ್ಳುವುದು ಪದ್ಧತಿ. ಅವರು ಅದನ್ನು ಮನೆಗೆ ತಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ದಿನಾ ಊದುತ್ತಿದ್ದರು. ಸ್ವರ ಬರುತ್ತಿರಲಿಲ್ಲ, ಬರೀ ಗಾಳಿ ಬರುತ್ತಿತ್ತು, ಒಂದೊಂದು ಸಲ ಬಂದರೆ ಪ್ರಿಯಾಂಕಾ ಚಪ್ಪಾಳೆ ತಟ್ಟುತ್ತಿದ್ದಳು. ಅವರು ಹೋದ ದಿನ ಬೆಳಿಗ್ಗೆಯೂ ಊದಿ ಫ್ರಿಜ್ಜಿನ ಮೇಲಿಟ್ಟು ಹೋದರು. ಆಮೇಲೆ ನಾನು ಅದನ್ನು ಒರೆಸಲಿಲ್ಲ. ಒಂದು ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಅದಕ್ಕೆ ಬಾಯಿಟ್ಟವರು ನಿಮ್ಮ ಮಗ ಒಬ್ಬರೇ. ಅವಳಪ್ಪ ಬಾಯಿಟ್ಟ ಜಾಗದಲ್ಲಿ ಅವಳೂ ಇಡಲಿ ಎಂದುಕೊಂಡಿದ್ದೆ.

ಬರೆಯಬೇಕಿತ್ತು. ಬರೆದರೆ ನೀವೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡುಬಿಡುತ್ತೀರಿ, ಮಗುವಿಗೆ ಕೊಡುವುದಿಲ್ಲ ಎನ್ನಿಸಿತು. ಅದಕ್ಕೇ ಬರೆಯಲಿಲ್ಲ.

ನಿಮ್ಮ ಕಾಗದ ಓದಿದಾಗ ಸಿಟ್ಟು ಬರುತ್ತದೆ ಎಂದುಕೊಂಡು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಅಕ್ಕಿ ತೊಳೆದು ಕುಕ್ಕರ್ ಇಟ್ಟೆ. ಹೀಗೇ ಇದೆ ನನಗೆ, ಏನು ಮುಟ್ಟಿದರೂ ದಪ್ಪ ಕೈಗವಸು ಹಾಕಿಕೊಂಡು ಮುಟ್ಟಿದ ಹಾಗೆ. ನಿಮ್ಮನ್ನು ದೂರುತ್ತಿಲ್ಲ.

ಜೂನ್ ಆರಕ್ಕೆ ಬರುತ್ತೇನೆ.

ಮಹಾದೇವಿ


ವರ್ತೂರು
3 ಮೇ 2010

ಚಿ. ಮಹಾದೇವಿಗೆ, ನಿನ್ನ ಮಾವ ವೆಂಕಟಪ್ಪ ಮಾಡುವ ಆಶೀರ್ವಾದಗಳು.

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ಹೊಂದಿಸಿಕೊಂಡು ಓದು.

ನಿನ್ನ ಕಾಗದ ಬಂದಾಗಿನಿಂದ ಇವಳು ಮಾತು ನಿಲ್ಲಿಸಿದ್ದಾಳೆ. ಸಿಟ್ಟಿನ ಮೌನವಾದರೆ ನನಗೆ ಗೊತ್ತಾಗುತ್ತದೆ, ನಲವತ್ತು ವರ್ಷದಿಂದ ನೋಡುತ್ತಿದ್ದೇನೆ. ಇದು ಅದಲ್ಲ. ಅಡುಗೆ ಮಾಡುತ್ತಾಳೆ, ಹಾಲು ಕರೆಯುತ್ತಾಳೆ, ಮಗುವಿಗೆ ಜಡೆ ಹಾಕುತ್ತಾಳೆ. ಆದರೆ ಯಾರನ್ನೂ ಬೈಯುವುದಿಲ್ಲ. ಮೇಲಿನ ಮನೆಯವರು ನೀರಿನ ಮೋಟರು ಹಾಕಿ ಮರೆತು ಟ್ಯಾಂಕು ತುಂಬಿ ಅಂಗಳವೆಲ್ಲ ಹರಿದರೂ ಸುಮ್ಮನೆ ನೋಡಿಕೊಂಡು ನಿಂತಿದ್ದಳು. ಬಾಡಿಗೆಯವರು ನನ್ನನ್ನು ಪಕ್ಕಕ್ಕೆ ಕರೆದು, “ಯಾಕಣ್ಣಾ, ಅಮ್ಮಂಗೆ ಉಸಾರಿಲ್ವಾ?” ಎಂದು ಕೇಳುತ್ತಾರೆ.

ಆ ಸೊಟ್ಟ ಕೊಳಲನ್ನು ಮಗುವಿನ ಕೈಯಿಂದ ಇಸಿದುಕೊಂಡು ತಾನೇ ಇಟ್ಟುಕೊಂಡಿದ್ದಾಳೆ. ನೆಟ್ಟಗೆ ಮಾಡಲು ಬಿಸಿಲಿನಲ್ಲಿಟ್ಟು ಮೇಲೆ ಗುಂಡುಕಲ್ಲು ಹೇರಿದಳು. ಎಣ್ಣೆ ಹಚ್ಚಿ ಉಜ್ಜಿದಳು. ಆಗಲಿಲ್ಲ. “ಬಿಡೇ, ಅತ್ತು ಅಗುರ ಮಾಡ್ಕೋ” ಎಂದೆ. “ಅಳಾನ ಅಂತ್ಲೇ ಕೂತ್ಕಂತೀನಿ, ಬರಾಕಿಲ್ಲ” ಎಂದಳು. ಇಷ್ಟು ದಿನದಲ್ಲಿ ಅವಳು ಆಡಿದ್ದು ಅಷ್ಟೇ.

ಮಗು ಹೊಸ ಕೊಳಲು ಊದುತ್ತದೆ. ಬರೀ ಗಾಳಿ.

ನಿನಗೆ ಏನು ಹೇಳಬೇಕೋ ತಿಳಿಯದೆ ಬರೆದೆ.

ವೆಂಕಟಪ್ಪ


ವರ್ತೂರು
24 ಮೇ 2010

ಮಹಾದೇವಿ,

ನಾಲ್ಕು ಸಲ ಬರೆಯಲು ಕೂತು ಎದ್ದಿದ್ದೇನೆ.

ಹೆತ್ತವಳು ನಾನು. ಅವನ ಎಂಜಲನ್ನು ಯಾರೋ ಬೀದಿಯಲ್ಲಿ ಹೋಗುವವರದು ಎಂದು ಅಸಹ್ಯಪಟ್ಟು, ಮೂಗು ಮುರಿದು, ಕುದಿಯುವ ನೀರಿಗೆ ಹಾಕಿದೆ. ಮೇಲೇಳಬಾರದೆಂದು ಚೊಂಬು ಬೇರೆ ಹೇರಿದೆ. ನನ್ನ ಕೈಯಿಂದಲೇ ಆಯಿತಲ್ಲ ಎನ್ನುವುದು ಬಿಟ್ಟು ಬೇರೆ ಯೋಚನೆಯೇ ಇಲ್ಲ. ನೀನು ಹೇಳಲಿಲ್ಲ ಎಂದು ನಿನ್ನ ಮೇಲೆ ಹಾಕಿ ನೋಡಿದೆ. ಒಂದು ದಿನ ಸಮಾಧಾನವಾಯಿತು, ಮಾರನೆಯ ದಿನ ಅದೂ ಹೋಯಿತು. ನೀನು ಹೇಳಿದ್ದರೆ ನಾನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಆ ಮಾತೂ ನಿಜ.

ಶಿವಶಂಕರ ಹೋದಾಗ ನಾನು ಊರು ಕೇಳುವಂತೆ ಅತ್ತವಳು. ಈಗ ಕೂತರೂ ನಿಂತರೂ ಬರುವುದಿಲ್ಲ. ಎದೆಯಲ್ಲಿ ಏನೂ ಇಲ್ಲ, ಖಾಲಿ ಮಾಡಿ ಹೋದ ಬಾಡಿಗೆ ಮನೆಯ ಹಾಗಿದೆ. ಹೀಗೂ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಕಣೇ. ಅಳದವಳಿಗೆ ದುಃಖವಿಲ್ಲ ಎಂದುಕೊಂಡಿದ್ದೆ. ನೀನು ಅಂಗಳದಲ್ಲಿ ಹೀಗೇ ಕೂತಿದ್ದೆ. ನಾನು ನಿನ್ನ ಪಕ್ಕಕ್ಕೆ ಬಂದು ಕೂರಬೇಕಿತ್ತು. ಚಿಕ್ಕಮುನಿಯಮ್ಮನ ಮಾತು ಕೇಳಿಕೊಂಡು ದೂರ ನಿಂತು ನೋಡಿದೆ.

ಆರನೆಯ ತಾರೀಕು ಬಾ. ಅವಳ ಬಟ್ಟೆ, ಪುಸ್ತಕ ಎಲ್ಲ ಕಟ್ಟಿಟ್ಟಿರುತ್ತೇನೆ. ಟಿ.ಸಿ.ಯನ್ನು ಮಾವ ತಂದಿದ್ದಾರೆ. ತಡೆಯುವುದಿಲ್ಲ.

ಒಂದು ಕೇಳಬಹುದೇ? ನಾನೂ ಅವಳ ಜೊತೆ ನಾಲ್ಕು ದಿನ ಬಂದಿರಲೇ? ಒಂದೇ ಕೋಣೆ ಎಂದು ಆಡಿಕೊಂಡವಳು ನಾನೇ. ಮೂಲೆಯಲ್ಲಿ ಚಾಪೆ ಹಾಸಿಕೊಳ್ಳುತ್ತೇನೆ.

ಸುಬ್ಬಲಕ್ಷ್ಮಮ್ಮ


ಲಗ್ಗೆರೆ
1 ಜೂನ್ 2010

ಅತ್ತೆಯವರಿಗೆ ನಮಸ್ಕಾರ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಪ್ರಿಯಾಂಕಾ ತಿಂಡಿ ತಿಂದಿರಲಿ, ಬಸ್ಸು ಮೂರು ಬದಲಿಸಬೇಕು.

ನೀವು ಈಗ ಬೇಡ ಅತ್ತೆ. ಕೋಪಕ್ಕೆ ಹೇಳುತ್ತಿಲ್ಲ. ನಿಮ್ಮ ಮುಖ ಅವರ ಮುಖವೇ. ನೀವು ಎದುರಿಗೆ ಕೂತರೆ ನನಗೆ ಏನಾದರೂ ಆಗಬೇಕು. ಏನೂ ಆಗದಿದ್ದರೆ ಏನು ಮಾಡುವುದು ಎಂದು ಭಯ. ಮಗುವಿನ ವಿಷಯದಲ್ಲೂ ಅದೇ ಭಯವಿದೆ. ಅವಳು ಬೇಕು ಎಂದು ಇಷ್ಟು ದಿನ ಹಟ ಹಿಡಿದೆ, ಈಗ ನೀವು ಕೊಡುತ್ತೇನೆ ಎಂದಾಗ ಕುಣಿಯಬೇಕಿತ್ತು. ಕಾಗದ ಮಡಿಸಿಟ್ಟು ಪಾತ್ರೆ ತೊಳೆದೆ. ನೀವು ಮೊದಲ ಕಾಗದದಲ್ಲಿ ಕೇಳಿದ್ದು ಸುಳ್ಳಲ್ಲವೇನೋ. ಜ್ವರ ಬಂದರೆ ಎದ್ದು ಕೂರುತ್ತೇನೆ, ಅಷ್ಟು ಗೊತ್ತಿದೆ. ಉಳಿದದ್ದು ಗೊತ್ತಿಲ್ಲ.

ಇದನ್ನು ಓದಿ ನೀವು ಮನಸ್ಸು ಬದಲಿಸಿದರೂ ನಾನು ಬರುತ್ತೇನೆ.

ಮಹಾದೇವಿ


ಲಗ್ಗೆರೆ
11 ಜುಲೈ 2010

ಅತ್ತೆಗೆ,

ಪ್ರಿಯಾಂಕಾ ಆರಾಮಾಗಿದ್ದಾಳೆ. ಶಾಲೆಯಲ್ಲಿ ಮೊದಲ ವಾರ ಮಾತಾಡಲಿಲ್ಲ, ಈಗ ಮಾತು ಜಾಸ್ತಿಯಾಯಿತು ಎಂದು ಟೀಚರ್ ಹೇಳಿ ಕಳಿಸಿದ್ದಾರೆ. ಶರಣಮ್ಮನ ಅತ್ತೆ ಅವಳಿಗೆ ರೊಟ್ಟಿ ತಟ್ಟುವುದನ್ನು ಕಲಿಸುತ್ತಿದ್ದಾರೆ. ಹಸುಗಳನ್ನು ದಿನಾ ಕೇಳುತ್ತಾಳೆ, ನಿಮ್ಮನ್ನು ಮಲಗುವ ಹೊತ್ತಿಗೆ ಕೇಳುತ್ತಾಳೆ.

ಮೊದಲ ದಿನಗಳು ಕಷ್ಟವಾಗಿದ್ದವು. ಅವಳು ನನ್ನನ್ನು ದೂರದಿಂದ ನೋಡುತ್ತಿದ್ದಳು. ಊಟ ಹಾಕಿದೆ, ಸ್ನಾನ ಮಾಡಿಸಿದೆ, ಹೋಂವರ್ಕ್ ನೋಡಿದೆ. ಫ್ಯಾಕ್ಟರಿಯಲ್ಲಿ ಮಾಡುವ ಹಾಗೇ ಮಾಡಿದೆ. ಅವಳಿಗೂ ಅದು ಗೊತ್ತಾಗುತ್ತಿತ್ತು ಅಂತ ಕಾಣುತ್ತದೆ.

ಇವತ್ತು ರಜಾ. ಬೆಳಿಗ್ಗೆ ಬಟ್ಟೆ ಒಣಗಿಹಾಕುತ್ತಿದ್ದೆ. ಅವಳು ಮೆಟ್ಟಿಲ ಮೇಲೆ ಕೂತು ಕೊಳಲು ಊದುತ್ತಿದ್ದಳು. ಗಾಳಿ, ಗಾಳಿ, ಇದ್ದಕ್ಕಿದ್ದ ಹಾಗೆ ಸ್ವರ ಬಂತು. ನಾನು ದಿನಾ ಊದುವ ಅದೇ ಸ್ವರ. ಅವಳಿಗೇ ನಂಬಿಕೆಯಾಗಲಿಲ್ಲ, ಇನ್ನೊಂದು ಸಲ ಊದಿದಳು, ಬಂತು. ಓಡಿ ಬಂದು, “ಅಮ್ಮಾ, ಈಗ ನೀನು ಊದು, ನಿಂದೂ ಇದೇ ಥರ ಬರುತ್ತಾ ನೋಡೋಣ” ಎಂದು ನನ್ನ ಕೈಗೆ ಕೊಟ್ಟಳು.

ನಾನು ಇಸಿದುಕೊಂಡು ಬಾಯಿಡುವ ಜಾಗವನ್ನು ಸೆರಗಿನಿಂದ ಒರೆಸಿದೆ.

ಒರೆಸಬೇಕು ಎಂದು ಒರೆಸಿದ್ದಲ್ಲ ಅತ್ತೆ. ನನ್ನ ಕೈ ತನ್ನಷ್ಟಕ್ಕೆ ತಾನೇ ಮಾಡಿತು. ಅವಳು ನೋಡುತ್ತಾ ನಿಂತಿದ್ದಳು. ನಗು ಹೋಯಿತು. “ಯಾಕಮ್ಮಾ ಒರೆಸ್ತೀಯಾ? ನನ್ ಬಾಯಿ ಗಲೀಜಾ?” ಎಂದು ಕೇಳಿದಳು. ಜೋರಾಗಿ ಕೇಳಲಿಲ್ಲ. ತಾನೇ ಏನೋ ತಪ್ಪು ಮಾಡಿದವಳ ಹಾಗೆ ಕೇಳಿ, ಅಂಗೈಯಿಂದ ತನ್ನ ತುಟಿ ಒರೆಸಿಕೊಂಡಳು.

ಆಗ ನನಗೆ ಎದೆಯಲ್ಲಿ ನೋವಾಯಿತು. ನಿಜವಾದ ನೋವು, ನಿಂತಲ್ಲೇ ಕೂತುಬಿಡುವಷ್ಟು. ಒಂಬತ್ತು ತಿಂಗಳಿನಲ್ಲಿ ಮೊದಲನೆಯದು. ಜೋಮು ಹಿಡಿದ ಕೈಗೆ ಜೀವ ಬಂದ ಹಾಗೆ ನೋಯಿತು. ನನ್ನ ಮಗಳ ಬಾಯನ್ನು ನಾನೇ ಒರೆಸಿ ಹಾಕಿದೆನಲ್ಲ ಎಂದುಕೊಂಡೆ. ನೀವು ಹಂಡೆಯ ಮುಂದೆ ನಿಂತಿದ್ದು ಹೇಗೆ ಎಂದು ಆಗ ಗೊತ್ತಾಯಿತು. ನಿಮ್ಮನ್ನು ದೂರುತ್ತಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಇಷ್ಟು ದಿನ ಒಳಗೆ ದೂರುತ್ತಲೇ ಇದ್ದೆ. ಈಗ ಇಲ್ಲ.

ಕೊಳಲನ್ನು ಅವಳ ಕೈಗೆ ವಾಪಸು ಕೊಟ್ಟು, “ಇನ್ನೊಂದ್ಸಲ ಊದಿ ಕೊಡು” ಎಂದೆ. ಊದಿದಳು. ಅವಳ ಉಗುಳು ಹಸಿಯಾಗಿರುವಾಗಲೇ ನಾನು ಬಾಯಿಟ್ಟೆ. ಸ್ವರ ಬರಲಿಲ್ಲ. ಮೂರು ಸಲ ಊದಿದರೂ ಬರೀ ಗಾಳಿ. “ಅಯ್ಯೋ, ನಿಂಗೆ ಬರಲ್ವಾ? ದಿನಾ ಅದೇ ತಾನೇ ನಿನ್ ಕೆಲ್ಸ?” ಎಂದು ಬಿದ್ದು ಬಿದ್ದು ನಕ್ಕಳು. ಅಳುವಾಗ ಊದಲು ಆಗುವುದಿಲ್ಲ ಎಂದು ಅವಳಿಗೆ ಹೇಳಲಿಲ್ಲ.

ಮುಂದಿನ ಭಾನುವಾರ ಬನ್ನಿ. ಮಾವನವರನ್ನೂ ಕರೆದುಕೊಂಡು ಬನ್ನಿ. ಮೂಲೆಯಲ್ಲಿ ಚಾಪೆ ಬೇಡ, ನೀವು ಮಂಚದ ಮೇಲೆ ಮಗುವಿನ ಜೊತೆ ಮಲಗಿ.

ನಿಮ್ಮ
ಮಹಾದೇವಿ